ಪೈಪೊಳಗೆ ಓಡೋ ಪಿಗ್ಗು: ನಿಮ್ಮ ಪ್ರಶ್ನೆಗೆ ಉತ್ತರ

ಹೋದ ಸಂಚಿಕೇಲಿ ಪೈಪ್‌ಲೈನ್ ತುಕ್ಕಿನ ಬಗ್ಗೆ ಬರೀತಾ ಎಲ್ಲೋ ಒಂದು ಕಡೆ "ಆಗಾಗ ಪಿಗ್ ಓಡಿಸ್ತಿರಬೇಕು" ಅಂತ ಒಂದೇ ಸಾಲು ಬರೆದು ಮುಂದಕ್ಕೆ ಹೋಗ್ಬಿಟ್ಟಿದ್ದೆ. ತುಕ್ಕಿನ ಬಗ್ಗೆ ಬಂದ ಪ್ರಶ್ನೆಗಿಂತ ಆ ಒಂದು ಸಾಲಿನ ಬಗ್ಗೆ ಬಂದ ಪ್ರಶ್ನೆಗಳೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ: ಪೈಪೊಳಗೆ ಓಡಿಸಿ ಒಳಗೋಡೆ ಕ್ಲೀನ್ ಮಾಡೋ, ಪರೀಕ್ಷೆ ಮಾಡೋ ಉಪಕರಣಕ್ಕೇ ಪಿಗ್ ಅಂತಾರೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಸರ್, ಪಿಗ್ ಅಂದ್ರೆ ಹಂದಿ ತಾನೆ? ಪೈಪೊಳಗೆ ಹಂದಿ ಯಾಕೆ ಬಂತು? ಅದಕ್ಕೆ ಮೋಟರ್ ಇರುತ್ತಾ, ಯಾರು ಓಡಿಸ್ತಾರೆ?

ಹೆಸರಿನ ಕಥೆ ಎರಡಿದೆ. ಹಿಂದೆ ಒಣಹುಲ್ಲು, ಚರ್ಮ, ತಂತಿ ಎಲ್ಲಾ ಸೇರಿಸಿ ಸುತ್ತಿದ ಮುದ್ದೆಯನ್ನ ಎಣ್ಣೆ ಪೈಪಿಗೆ ತುರುಕಿ ಹಿಂದಿನಿಂದ ಒತ್ತಡ ಕೊಡ್ತಿದ್ರಂತೆ, ಅದು ಕಬ್ಬಿಣಕ್ಕೆ ಉಜ್ಜಿಕೊಂಡು ಹೋಗುವಾಗ ಹಂದಿ ಕಿರುಚಿದ ಹಾಗೆ ಸದ್ದು ಬರ್ತಿತ್ತಂತೆ, ಅದಕ್ಕೆ ಪಿಗ್ ಅನ್ನೋದು ಒಂದು. ಪೈಪ್‌ಲೈನ್ ಇನ್‌ಸ್ಪೆಕ್ಷನ್ ಗೇಜ್ ಅನ್ನೋದರ ಮೊದಲಕ್ಷರ ಕೂಡಿಸಿದ್ದು ಅನ್ನೋದು ಇನ್ನೊಂದು, ಇದು ಹೆಸರು ಬಂದ ಮೇಲೆ ಯಾರೋ ಕೂತು ಹೊಂದಿಸಿದ ಹಾಗೆ ಕಾಣುತ್ತೆ. ನಾನು ಕಿರುಚೋ ಕಥೆ ಕಡೆ. ನೆಲದ ಮೇಲಿರೋ ಪೈಪ್ ಪಕ್ಕ ನಿಂತು ಪಿಗ್ ಹಾದು ಹೋಗೋದನ್ನ ಒಂದು ಸಲ ಕೇಳಿದ್ರೆ ನೀವೂ ಅದನ್ನೇ ಹೇಳ್ತೀರಿ.

ಮೋಟರ್ ಇಲ್ಲ, ಡ್ರೈವರ್ರೂ ಇಲ್ಲ. ಸೈಕಲ್ ಪಂಪ್ ಬಿಚ್ಚಿ ನೋಡಿದ್ದೀರಾ? ಒಳಗೆ ಬಟ್ಟಲಿನ ಆಕಾರದ ಒಂದು ವಾಷರ್ ಇರುತ್ತೆ, ಒತ್ತಿದಾಗ ಅದರ ಅಂಚು ಅಗಲವಾಗಿ ಗೋಡೆಗೆ ಅಂಟಿಕೊಂಡು ಗಾಳಿ ಹಿಂದಕ್ಕೆ ನುಸುಳದ ಹಾಗೆ ಮಾಡುತ್ತೆ. ಪಿಗ್ಗಿನ ಕಪ್ ಕೂಡ ಅದೇ, ಏನು ವ್ಯತ್ಯಾಸ ಅಂದ್ರೆ ಇಲ್ಲಿ ಪಾಲಿಯುರೆಥೇನ್, ಅಳತೆ ಪೈಪಿನ ಒಳವ್ಯಾಸಕ್ಕಿಂತ ಚೂರು ದೊಡ್ಡದು. ಹಿಂದಿನಿಂದ ಬರೋ ಎಣ್ಣೆಯೋ ಗ್ಯಾಸೋ ನೀರೋ ಅದನ್ನ ತಳ್ಕೊಂಡು ಹೋಗುತ್ತೆ. ಅಂದ್ರೆ ಲೈನ್ ನಿಲ್ಲಿಸೋದೇ ಬೇಡ, ಸಾಗಿಸೋ ಮಾಲೇ ಅದರ ಇಂಜಿನ್. ಬಲ ಎಷ್ಟು ಅಂತ ಲೆಕ್ಕ ಹಾಕಿ ನೋಡಿ: 24 ಇಂಚಿನ ಪೈಪಲ್ಲಿ ಪಿಗ್ಗಿನ ಹಿಂದೆ ಮುಂದೆ ಬರೀ 1 ಬಾರ್, ಅಂದ್ರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯಷ್ಟು, ಒತ್ತಡದ ವ್ಯತ್ಯಾಸ ಇದ್ರೂ ಸುಮಾರು 2.8 ಟನ್ ತೂಕ ಹಿಂದಿನಿಂದ ತಳ್ಳಿದಷ್ಟಾಯ್ತು. ಈ ಲೆಕ್ಕ ನೆನಪಲ್ಲಿಡಿ, ಕೆಳಗೆ ಬಾಗಿಲಿನ ವಿಷಯ ಬರುವಾಗ ಬೇಕಾಗುತ್ತೆ.

ಪ್ರಶ್ನೆ: ನಮ್ಮ ಲೈನಲ್ಲಿ ಹೋಗೋದು ಫಿಲ್ಟರ್ ಆಗಿರೋ ಮಾಲು. ಹರಿಯೋ ನೀರಿಗೆ ಪಾಚಿ ಕಟ್ಟಲ್ಲ ಅಂತಾರಲ್ಲ, ಹಾಗೇ ಸದಾ ಹರೀತಾ ಇರೋ ಪೈಪಿಗೆ ಕ್ಲೀನಿಂಗ್ ಯಾಕೆ? ಮ್ಯಾನೇಜ್‌ಮೆಂಟ್‌ನವರು ಇದು ದಂಡದ ಖರ್ಚು ಅಂತಾರೆ.

ಹರಿಯೋ ನೀರಿಗೂ ಪಾಚಿ ಕಟ್ಟುತ್ತೆ ಮಾರಾಯ್ರೆ, ನಿಧಾನ ಹರಿಯೋ ಜಾಗ ನೋಡಿ. ಕಚ್ಚಾ ಎಣ್ಣೇಲಿ ಮೇಣ ಕರಗಿರುತ್ತೆ, ಎಣ್ಣೆ ತಣ್ಣಗಾದ ಹಾಗೆ ಅದು ಹೆಪ್ಪುಗಟ್ಟಿ ಪೈಪಿನ ಗೋಡೆಗೆ ಅಂಟುತ್ತೆ. ಅಲಾಸ್ಕಾದಲ್ಲಿ 1977ರಿಂದ ಓಡ್ತಿರೋ 48 ಇಂಚಿನ, ಸುಮಾರು 1,287 ಕಿಲೋಮೀಟರ್ ಉದ್ದದ ಲೈನ್ ಇದೆಯಲ್ಲ, ಅಲ್ಲಿ ಈಗ ಮೊದಲಿನಷ್ಟು ಎಣ್ಣೆ ಹರಿಯಲ್ಲ. ಕಮ್ಮಿ ಹರಿದ್ರೆ ಎಣ್ಣೆ ನಿಧಾನ ಹೋಗುತ್ತೆ, ನಿಧಾನ ಹೋದ್ರೆ ದಾರೀಲಿ ಜಾಸ್ತಿ ತಣ್ಣಗಾಗುತ್ತೆ, ತಣ್ಣಗಾದ್ರೆ ಮೇಣ ಜಾಸ್ತಿ. ಮಾಲು ಕಮ್ಮಿಯಾದಾಗ ಪಿಗ್ಗಿನ ಕೆಲಸ ಕಮ್ಮಿಯಾಗಲ್ಲ, ಹೆಚ್ಚಾಗುತ್ತೆ. ಇದು ಎಷ್ಟು ಸಲ ಹೇಳಿದ್ರೂ ಮೀಟಿಂಗಲ್ಲಿ ಕೂತವರ ತಲೆಗೆ ಹೋಗಲ್ಲ.

ಗ್ಯಾಸ್ ಲೈನಾದ್ರೆ ಬೇರೆ ಗೋಳು. ಗ್ಯಾಸಲ್ಲಿರೋ ಸ್ವಲ್ಪ ನೀರು ತಗ್ಗಿನ ಜಾಗದಲ್ಲಿ ನಿಲ್ಲುತ್ತೆ, ಜೊತೆಗೆ ಕಾರ್ಬನ್ ಡೈ ಆಕ್ಸೈಡೋ ಹೈಡ್ರೋಜನ್ ಸಲ್ಫೈಡೋ ಇದ್ರೆ ಅಲ್ಲೇ ಕೂತು ತಳ ತಿನ್ನುತ್ತೆ, ಕಪ್ಪು ಪುಡಿ ಅಂತೀವಲ್ಲ, ಕಬ್ಬಿಣದ ಸಲ್ಫೈಡು ಆಕ್ಸೈಡು, ಅದು ಕಾಡಿಗೆ ಥರ ನುಣ್ಣಗೆ ಎಲ್ಲಾ ಕಡೆ ಸೇರ್ಕೊಳ್ಳುತ್ತೆ.

ಮ್ಯಾನೇಜ್‌ಮೆಂಟ್‌ನವರಿಗೆ ಎರಡು ಘಟನೆ ಹೇಳಿ. 2006ರ ಮಾರ್ಚಲ್ಲಿ ಅಲಾಸ್ಕಾದ ಪ್ರೂಡೊ ಬೇ ಅನ್ನೋ ಎಣ್ಣೆ ಬಯಲಲ್ಲಿ 34 ಇಂಚಿನ ಲೈನಿನ ತಳದಲ್ಲಿ ಸಣ್ಣ ತೂತು ಬಿದ್ದು ಸುಮಾರು 8 ಲಕ್ಷ ಲೀಟರ್ ಕಚ್ಚಾ ಎಣ್ಣೆ ಹಿಮದ ಮೇಲೆ ಹೋಯ್ತು. ಒಳಗೆ ಕೆಸರು ಕೂತು ಅದರಡಿ ತುಕ್ಕು ತಿಂದಿತ್ತು, ಆ ಲೈನಿಗೆ ಪಿಗ್ ಬಿಟ್ಟಿದ್ದು ಕೊನೇ ಸಲ 1998ರಲ್ಲಿ. ಇನ್ನೊಂದು ಇದಕ್ಕಿಂತ ಘೋರ. 2000ದ ಆಗಸ್ಟ್ 19ರಂದು ಅಮೆರಿಕದ ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್ ಹತ್ತಿರ 30 ಇಂಚಿನ ಗ್ಯಾಸ್ ಲೈನ್ ಒಡೆದು ಬೆಂಕಿ ಹತ್ತಿ, ಹೊಳೆ ದಡದಲ್ಲಿ ಟೆಂಟ್ ಹಾಕಿಕೊಂಡಿದ್ದ 12 ಜನ ಸತ್ತರು. ತನಿಖೇಲಿ ಗೊತ್ತಾಗಿದ್ದು ಏನು ಅಂದ್ರೆ ಕಾರಣ ಒಳಗಿನ ತುಕ್ಕು, ಮತ್ತೆ ಆ ಭಾಗದಲ್ಲಿ ಪಿಗ್ ಹೋಗೋ ಹಾಗೇ ಇರ್ಲಿಲ್ಲ. ದಂಡದ ಖರ್ಚು ಅನ್ನೋ ಮಾತು ಅಲ್ಲೂ ಯಾರಾದ್ರೂ ಆಡಿದ್ರೋ ಏನೋ.

ಪ್ರಶ್ನೆ: ನಾನು ಟ್ರೈನಿ ಆಪರೇಟರ್. ಮುಂದಿನ ತಿಂಗಳು ಮೊದಲ ಸಲ ಲಾಂಚಿಂಗ್‌ಗೆ ನಿಲ್ಲಿಸ್ತಾರಂತೆ. ಪ್ರೊಸೀಜರ್ ಪೇಪರಲ್ಲಿ 31 ಸ್ಟೆಪ್ ಇದೆ, ಓದಿದ್ರೂ ತಲೇಲಿ ನಿಲ್ತಿಲ್ಲ. ಸುಲಭವಾಗಿ ಹೇಳ್ತೀರಾ?

ಪೇಪರ್ ಕೈಲಿ ಹಿಡ್ಕೊಂಡೇ ಮಾಡು ತಮ್ಮಾ, ನೆನಪಿಂದ ಮಾಡೋ ಕೆಲಸ ಅಲ್ಲ ಇದು, 20 ವರ್ಷ ಆದವರೂ ಒಂದೊಂದು ಸ್ಟೆಪ್ಪಿಗೂ ಟಿಕ್ ಹಾಕ್ಕೊಂಡೇ ಹೋಗ್ತಾರೆ. ನಾನು ಹೇಳೋದು ಆ 31 ಸ್ಟೆಪ್ ಯಾಕಿದೆ ಅನ್ನೋದು, ಅದು ಗೊತ್ತಾದ್ರೆ ಪೇಪರ್ ತಾನಾಗೇ ತಲೇಲಿ ಕೂರುತ್ತೆ.

ಲಾಂಚರ್ ಅಂದ್ರೆ ಪಿಗ್ಗನ್ನ ಲೈನಿಗೆ ಬಿಡೋಕೆ ಅಂತ ಮೇನ್ ಲೈನಿಗೆ ಪಕ್ಕದಲ್ಲಿ ಅಂಟಿಸಿದ ಒಂದು ಕೋಣೆ ಅಂದ್ಕೋ. ಒಂದು ತುದೀಲಿ ಬಾಗಿಲು, ಇನ್ನೊಂದು ತುದೀಲಿ ಟ್ರ್ಯಾಪ್ ವಾಲ್ವ್, ಅದರಾಚೆ ಮೇನ್ ಲೈನ್. ಬಾಗಿಲ ಕಡೆ ಬ್ಯಾರೆಲ್ ದಪ್ಪ, ಪಿಗ್ ಸುಲಭವಾಗಿ ಒಳಗೆ ಹೋಗಲಿ ಅಂತ, ಆಮೇಲೆ ರೆಡ್ಯೂಸರ್ ಬಂದು ಲೈನ್ ಸೈಜಿಗೆ ಸಣ್ಣದಾಗುತ್ತೆ. ಬಾಗಿಲ ಹತ್ತಿರ ಹಿಂದಿನಿಂದ ಬಂದು ಸೇರೋ ಪೈಪು ಕಿಕ್ಕರ್ ಲೈನ್, ಹೆಸರೇ ಹೇಳೋ ಹಾಗೆ ಪಿಗ್ಗಿಗೆ ಹಿಂದಿನಿಂದ ಒದೆಯೋದು ಅದೇ. ಮೇಲೆ ವೆಂಟ್, ಕೆಳಗೆ ಡ್ರೈನ್, ಒಂದು ಪ್ರೆಶರ್ ಗೇಜ್.

ಕೋಣೆಯನ್ನ ಮೊದಲು ಲೈನಿಂದ ಬೇರೆ ಮಾಡ್ತೀಯ, ಖಾಲಿ ಮಾಡ್ತೀಯ, ಒತ್ತಡ ಸೊನ್ನೆ ಅಂತ ಖಾತ್ರಿ ಆದ ಮೇಲೆ ಬಾಗಿಲು ತೆಗೀತೀಯ. ಪಿಗ್ಗನ್ನ ಒಳಗೆ ತಳ್ಳಿ ಅದರ ಮುಂದಿನ ಕಪ್ ರೆಡ್ಯೂಸರ್ ದಾಟಿ ಸಣ್ಣ ಬೋರಲ್ಲಿ ಬಿಗಿಯಾಗಿ ಕೂರೋವರೆಗೂ ಒತ್ತಬೇಕು, ಇಲ್ಲಿ ಸೋಮಾರಿತನ ಮಾಡಿದ್ರೆ ಮಾಲು ಪಿಗ್ಗಿನ ಪಕ್ಕದಿಂದ ಹರ್ಕೊಂಡು ಹೋಗುತ್ತೆ, ಪಿಗ್ ಕೂತಲ್ಲೇ ಕೂತಿರುತ್ತೆ, ನೀವು ಕಂಟ್ರೋಲ್ ರೂಮಿಗೆ "ಹೋಯ್ತು" ಅಂತ ಹೇಳಿ ಆಚೆ ತುದೀಲಿ ರಾತ್ರಿಯೆಲ್ಲ ಕಾಯ್ತೀರ, ಎಷ್ಟು ಜನಕ್ಕೆ ಆಗಿದೆಯೋ ಲೆಕ್ಕ ಇಲ್ಲ. ಬಾಗಿಲು ಹಾಕಿದ ಮೇಲೆ ನಿಧಾನ ತುಂಬಿಸಿ ಗಾಳಿ ಹೊರಗೆ ಹಾಕಬೇಕು. ತುಂಬಿಸುವಾಗ ಪಿಗ್ಗಿನ ಎರಡೂ ಕಡೆ ಒತ್ತಡ ಸಮ ಇರಲಿ, ಹಿಂದೆ ಮಾತ್ರ ಏರಿದ್ರೆ ಪಿಗ್ ಮುಂದಕ್ಕೆ ಚಿಮ್ಮಿ ಮುಚ್ಚಿರೋ ವಾಲ್ವಿಗೆ ಹೋಗಿ ಗುದ್ದುತ್ತೆ. ಆಮೇಲೆ ಟ್ರ್ಯಾಪ್ ವಾಲ್ವ್ ಪೂರ್ತಿ ತೆಗೆದು, ಕಿಕ್ಕರ್ ತೆಗೆದು, ಮೇನ್ ಲೈನಿನ ವಾಲ್ವನ್ನ ನಿಧಾನ ಮುಚ್ತಾ ಬಂದ್ರೆ ಹರಿವು ಕಿಕ್ಕರ್ ಕಡೆ ತಿರುಗಿ ಪಿಗ್ ಹೊರಡುತ್ತೆ. ಪಿಗ್ ದಾಟಿದ್ದನ್ನ ತೋರಿಸೋ ಸಿಗ್ನಲರ್ ಬಿದ್ದಿದ್ದು ಕಣ್ಣಾರೆ ನೋಡಿದ ಮೇಲೆ ಮಾತ್ರ ಹೋಯ್ತು ಅನ್ನು.

ಈಗ ಬಾಗಿಲಿನ ವಿಷಯ. ಇದೊಂದು ಬಿಟ್ಟು ಉಳಿದಿದ್ದೆಲ್ಲ ಮರೆತ್ರೂ ನಂಗೆ ಬೇಜಾರಿಲ್ಲ. ಬ್ಯಾರೆಲ್ ಒಳವ್ಯಾಸ 70 ಸೆಂಟಿಮೀಟರ್ ಇದ್ರೆ ಒಳಗೆ 1 ಬಾರ್ ಉಳಿದಿದ್ರೂ ಬಾಗಿಲ ಮೇಲೆ ಸುಮಾರು 3.9 ಟನ್ ಬೀಳುತ್ತೆ. ಒಂದು ಬಾರಿನ ಹತ್ತನೇ ಒಂದು ಭಾಗ, ಗೇಜಿನ ಮುಳ್ಳು ಸೊನ್ನೆಯಿಂದ ಕದಲಿದ್ದೇ ಕಾಣಲ್ಲ, ಅದೂ ಸುಮಾರು 390 ಕಿಲೋ. ಗೇಜ್ ಸೊನ್ನೆ ತೋರಿಸೋದು ಬೇರೆ, ಒಳಗೆ ಸೊನ್ನೆ ಇರೋದು ಬೇರೆ.

ನಾನು ನಿನ್ನ ಹಾಗೇ ಟ್ರೈನಿ ಆಗಿದ್ದಾಗ ರಿಸೀವರ್ ಕಡೆ, ಅಂದ್ರೆ ಪಿಗ್ ಬಂದು ಸೇರೋ ಆಚೆ ತುದಿಯ ಕೋಣೆ ಹತ್ರ, ನಿಂತಿದ್ದೆ. ಪಿಗ್ ಬಂದಿತ್ತು, ಟ್ರ್ಯಾಪ್ ವಾಲ್ವ್ ಮುಚ್ಚಿ ಡ್ರೈನ್ ಮಾಡಿದ್ವಿ, ಗೇಜ್ ಸೊನ್ನೆ, ವೆಂಟ್ ತೆಗೆದ್ರೆ ಏನೂ ಬರ್ಲಿಲ್ಲ. ನಾನು ಖುಷಿಯಿಂದ ಸ್ಪ್ಯಾನರ್ ತಗೊಂಡೆ. ನಮ್ಮ ಸೀನಿಯರ್ ಕೈ ಹಿಡಿದ್ರು, "ಏನೂ ಬರ್ಲಿಲ್ಲ ಅಂದ್ರೆ ಒಳಗೆ ಏನೂ ಇಲ್ಲ ಅಂತಾನಾ, ಇಲ್ಲಾ ದಾರಿ ಇಲ್ಲ ಅಂತಾನಾ?" ಅಂದ್ರು. ವೆಂಟಿನ ಬಾಯಿ ಮೇಣದಿಂದ ಕಟ್ಕೊಂಡಿತ್ತು, ಗೇಜಿನ ತೂತೂ ಹಾಗೇ. ಬಿಡಿಸಿದ ಮೇಲೆ ಎಷ್ಟೋ ಹೊತ್ತು ಬುಸ್ ಅಂತ ಬರ್ತಾನೇ ಇತ್ತು, ಆ ಸದ್ದು ಕೇಳ್ತಾ ನನ್ನ ಕಾಲು ನಡುಗ್ತಿದ್ದಿದ್ದು ಈಗಲೂ ನೆನಪಿದೆ. ಪಿಗ್ ರೆಡ್ಯೂಸರಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದ್ರೆ ಇದಕ್ಕಿಂತ ಮೋಸ, ಬಾಗಿಲ ಕಡೆ ನಿಜವಾಗ್ಲೂ ಸೊನ್ನೆ ಇರುತ್ತೆ, ಪಿಗ್ಗಿನ ಹಿಂದೆ ವಾಲ್ವ್ ವರೆಗೆ ಒತ್ತಡ ಹಾಗೇ ಕೂತಿರುತ್ತೆ, ಬಾಗಿಲು ತೆಗೆದ ಮೇಲೆ ಪಿಗ್ ಗುಂಡಿನ ಹಾಗೆ ಹೊರಗೆ ಬರುತ್ತೆ. ಅದಕ್ಕೇ ಪಿಗ್ಗಿನ ಎರಡೂ ಕಡೆ ವೆಂಟ್ ನೋಡಬೇಕು, ಬಾಗಿಲ ಎದುರಿಗಾಗ್ಲಿ ಅದು ತಿರುಗೋ ದಾರೀಲಾಗ್ಲಿ ಯಾವತ್ತೂ ನಿಲ್ಲಬಾರ್ದು, ಪಕ್ಕದಲ್ಲಿ ನಿಂತು ತೆಗೀಬೇಕು. ಬಾಗಿಲಿಗೆ ಒತ್ತಡ ತೋರಿಸೋ ಸಣ್ಣ ಬೋಲ್ಟ್ ಥರ ಲಾಕ್ ಇರುತ್ತೆ, ಅದನ್ನ ಬೈಪಾಸ್ ಮಾಡೋ ಜಾಣರ ಜೊತೆ ಕೆಲಸಕ್ಕೆ ನಿಲ್ಲಬೇಡ.

ಇನ್ನೊಂದು, ಕಪ್ಪು ಪುಡಿ ಹೊರಗೆ ಬಂದಾಗ ಒಣಗೋಕೆ ಬಿಡಬೇಡಿ. ಕಬ್ಬಿಣದ ಸಲ್ಫೈಡ್ ಗಾಳಿ ತಗುಲಿದ್ರೆ ಸಾಕು, ಕಡ್ಡಿ ಗೀರದೇ ತಾನಾಗೇ ಹತ್ಕೊಳ್ಳುತ್ತೆ, ನೀರು ಹಾಕಿ ನೆನೆಸಿಟ್ಟೇ ಸಾಗಿಸಬೇಕು. ಹೈಡ್ರೋಜನ್ ಸಲ್ಫೈಡ್ ಇರೋ ಲೈನಾದ್ರೆ ಮೂಗು ನಂಬಬೇಡ, ಜಾಸ್ತಿ ಇದ್ದಾಗ ಅದು ವಾಸನೆ ಗ್ರಹಿಸೋ ಶಕ್ತೀನೇ ಸಾಯಿಸುತ್ತೆ. ಎದೆ ಮೇಲೆ ಮೀಟರ್ ಇರಲಿ.

ಪ್ರಶ್ನೆ: ಹತ್ತು ವರ್ಷದಿಂದ ಪಿಗ್ ಕಾಣದ ಲೈನ್ ನಮ್ಮ ಕೈಗೆ ಬಂದಿದೆ. ಒಳ್ಳೆ ಗಟ್ಟಿ ಸ್ಕ್ರೇಪರ್ ಪಿಗ್ ಒಂದು ಬಿಟ್ರೆ ಒಂದೇ ಸಲಕ್ಕೆ ಎಲ್ಲಾ ಕಿತ್ಕೊಂಡು ಬರಲ್ವಾ?

ಬರುತ್ತೆ, ಅರ್ಧ ದಾರೀವರೆಗೆ. ಮತ್ತೆ ಲೆಕ್ಕ: 24 ಇಂಚಿನ ಪೈಪಿನ ಗೋಡೆ ಮೇಲೆ ಬರೀ 1 ಮಿಲಿಮೀಟರ್ ಮೇಣ ಇದೆ ಅಂದ್ಕೊಳ್ಳಿ, 100 ಕಿಲೋಮೀಟರಿಗೆ ಅದು ಸುಮಾರು 185 ಘನ ಮೀಟರ್, ಅಂದ್ರೆ 12,000 ಲೀಟರಿನ ಟ್ಯಾಂಕರ್ ಲಾರಿ ಹದಿನೈದು ತುಂಬಿ ಇನ್ನೂ ಮಿಗುತ್ತೆ. ಅಷ್ಟನ್ನೂ ಒಂದೇ ಪಿಗ್ ಮುಂದೆ ಗುಡ್ಡೆ ಹಾಕ್ಕೊಂಡು ಹೋದ್ರೆ ಅದು ಒತ್ತಿ ಒತ್ತಿ ಗಟ್ಟಿ ಬಿರಡೆ ಆಗ್ಬಿಡುತ್ತೆ, ಆಮೇಲೆ ಪಂಪೂ ಅಷ್ಟೇ ದೇವರೂ ಅಷ್ಟೇ.

ಮೆತ್ತಗಿನದ್ರಿಂದ ಶುರು ಮಾಡಿ. ಮೊದಲು ಹಗುರ ಫೋಮ್ ಪಿಗ್. ಅದು ಸ್ಪಂಜಿನ ಗುಂಡು ಇದ್ದಂಗೆ, ದಾರಿ ಕಿರಿದಾದ್ರೆ ಹಿಂಡಿಕೊಂಡು ನುಸುಳುತ್ತೆ, ತೀರಾ ಸಿಕ್ಕಿಕೊಂಡ್ರೂ ಒತ್ತಡಕ್ಕೆ ಹರಿದು ಚೂರಾಗಿ ಬಂದ್ಬಿಡುತ್ತೆ. ಅದು ಬಂದ ಸ್ಥಿತಿ ನೋಡಿ ಸ್ವಲ್ಪ ಗಟ್ಟಿ ಫೋಮು, ಆಮೇಲೆ ಮೇಲೆ ಲೇಪ ಇರೋದು, ತಂತಿ ಬ್ರಷ್ ಪಟ್ಟಿ ಇರೋದು, ಆಮೇಲೆ ಕಪ್, ಡಿಸ್ಕ್ ಎರಡೂ ಇರೋ ಲೋಹದ ಪಿಗ್ಗು, ಕೊನೇಗೆ ಬ್ರಷ್ಷು, ಬ್ಲೇಡು, ಆಯಸ್ಕಾಂತ ಕಟ್ಟಿರೋದು. ಪಿಗ್ಗಿನ ಮೈಯಲ್ಲಿ ಬೈಪಾಸ್ ತೂತು ಇಟ್ರೆ ಹಿಂದಿನ ಮಾಲು ಸ್ವಲ್ಪ ಮುಂದಕ್ಕೆ ಚಿಮ್ಮಿ ಕೆಸರನ್ನ ಕಲಕ್ತಾ ಇರುತ್ತೆ, ಗುಡ್ಡೆ ಕಟ್ಟಲ್ಲ. ನಡುವೆ ಒಂದು ಸಲ ಗೇಜಿಂಗ್ ಪ್ಲೇಟ್ ಕಟ್ಟಿ ಬಿಡಿ, ಅದು ಒಳವ್ಯಾಸದ ಶೇಕಡಾ 95ರಷ್ಟಿರೋ ತೆಳು ಅಲ್ಯೂಮಿನಿಯಂ ತಟ್ಟೆ, ಪೈಪ್ ಎಲ್ಲಾದ್ರೂ ತಗ್ಗಾಗಿದ್ರೆ ತಟ್ಟೆಯ ಅಂಚು ಮಡಚಿಕೊಂಡು ಬರುತ್ತೆ. ಎಲ್ಲಿ ಅಂತ ಹೇಳಲ್ಲ, ಇದೆ ಅಂತ ಹೇಳುತ್ತೆ, ಅಷ್ಟು ಸಾಕು ನಿಮ್ಮ ದೊಡ್ಡ ಪಿಗ್ ಉಳಿಸೋಕೆ.

ಮತ್ತೆ ಪಿಗ್ ತಂದ ಕಸವನ್ನ ಗುಡಿಸಿ ಎಸೀಬೇಡಿ, ದಯವಿಟ್ಟು. ಅಳೆದು ತೂಗಿ ಲ್ಯಾಬಿಗೆ ಕೊಡಿ. ಮೇಣವಾ, ಮರಳಾ, ತುಕ್ಕಾ, ಬ್ಯಾಕ್ಟೀರಿಯಾ ಬೆಳೆದಿದೆಯಾ, ನೀರಿನ ಅಂಶ ಎಷ್ಟು. ಲೈನಿನ ರಕ್ತಪರೀಕ್ಷೆ ಅದು. ಎಷ್ಟು ದಿನಕ್ಕೊಮ್ಮೆ ಪಿಗ್ ಬಿಡಬೇಕು ಅಂತ ಎಲ್ಲರೂ ಕೇಳ್ತಾರೆ, ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ, ಆ ಬಕೆಟಲ್ಲಿದೆ.

ಪ್ರಶ್ನೆ: ಸ್ಮಾರ್ಟ್ ಪಿಗ್ ಅಂದ್ರೆ ಕ್ಯಾಮೆರಾ ಇರೋ ಪಿಗ್ಗಾ?

ಕಚ್ಚಾ ಎಣ್ಣೆ ಒಳಗೆ ಕ್ಯಾಮೆರಾ ಇಟ್ರೆ ಕಾಣೋದು ಕತ್ತಲೆ ಮಾತ್ರ. ಜಾಸ್ತಿ ಬಳಸೋದು ಆಯಸ್ಕಾಂತದ ವಿಧಾನ, ಕೆಲಸದ ಜಾಗದಲ್ಲಿ ಎಂಎಫ್ಎಲ್ ಅಂತಾರೆ. ಬಲವಾದ ಆಯಸ್ಕಾಂತಗಳು ಉಕ್ಕಿನ ಬ್ರಷ್ ಮೂಲಕ ಪೈಪಿನ ಗೋಡೆಗೆ ಕಾಂತಶಕ್ತಿ ತುಂಬ್ತವೆ, ಇನ್ನು ಹಿಡಿಯಲ್ಲ ಅನ್ನೋವರೆಗೂ. ಗೋಡೆ ದಪ್ಪ ಸರಿ ಇದ್ದಲ್ಲಿ ಅದು ಗೋಡೆ ಒಳಗೇ ಹರಿದು ಹೋಗುತ್ತೆ, ತುಕ್ಕು ತಿಂದು ತೆಳ್ಳಗಾದ ಜಾಗದಲ್ಲಿ ಹಿಡಿಸದೆ ಹೊರಗೆ ಸೋರುತ್ತೆ, ಕಾಲುವೆ ಏರಿ ಒಡೆದಲ್ಲಿ ನೀರು ಹೊರಳಿದ ಹಾಗೆ. ಸುತ್ತ ಸಾಲಾಗಿ ಕೂತ, ಕಾಂತಶಕ್ತಿ ಅಳೆಯೋ ಹಾಲ್ ಸೆನ್ಸರ್‌ಗಳು ಆ ಸೋರಿಕೆ ಹಿಡೀತವೆ. ಈ ವಿಧಾನ 1960ರ ದಶಕದಿಂದ ಇದೆ, ಆಗಿನ ಮೊದಮೊದಲ ಉಪಕರಣ ಪೈಪಿನ ತಳಭಾಗ ಮಾತ್ರ ನೋಡ್ತಿತ್ತು, ಈಗ ಇಡೀ ಸುತ್ತು ನೋಡುತ್ತೆ.

ಇದರ ದೌರ್ಬಲ್ಯವೂ ಗೊತ್ತಿರಲಿ, ಮಾರೋಕೆ ಬಂದವರು ಹೇಳಲ್ಲ. ಕಾಂತಶಕ್ತಿ ಪೈಪಿನ ಉದ್ದಕ್ಕೆ ಹರಿಯೋದ್ರಿಂದ, ಉದ್ದಕ್ಕೇ ಗೀರಿದಂತಿರೋ ಸಣ್ಣ ದೋಷ ಅದಕ್ಕೆ ಅಡ್ಡ ಬರೋದೇ ಇಲ್ಲ, ಕಣ್ಣಿಗೆ ಬೀಳದೇ ಹೋಗಬಹುದು, ಅದಕ್ಕೆ ಕಾಂತಶಕ್ತಿಯನ್ನ ಸುತ್ತಲೂ ಹರಿಸೋ ಬೇರೆ ಪಿಗ್ ಬೇಕು. ಬಿರುಕು ಹಿಡಿಯೋಕೆ ಅಲ್ಟ್ರಾಸಾನಿಕ್ ಒಳ್ಳೇದು, ಗೋಡೆ ದಪ್ಪವನ್ನೂ ನೇರವಾಗಿ ಅಳೆಯುತ್ತೆ, ಆದ್ರೆ ಸೆನ್ಸರಿಗೂ ಗೋಡೆಗೂ ನಡುವೆ ದ್ರವ ಇರಲೇಬೇಕು, ಎಣ್ಣೆ ಲೈನಿಗೆ ಸರಿ, ಗ್ಯಾಸ್ ಲೈನಲ್ಲಿ ದ್ರವ ಇಲ್ಲದೆಯೂ ನಡೆಯೋ ಇಮ್ಯಾಟ್ ಅನ್ನೋದು ಬೇಕು. ತಗ್ಗು, ಚಪ್ಪಟೆ ನೋಡೋಕೆ ಬೆರಳುಗಳ ಥರ ಕಡ್ಡಿ ಇರೋ ಕ್ಯಾಲಿಪರ್ ಪಿಗ್, ಲೈನ್ ಎಲ್ಲೆಲ್ಲಿ ತಿರುಗಿದೆ ಅಂತ ನಕ್ಷೆ ಮಾಡೋಕೆ ಗೈರೊ. ಒಂದೇ ಪಿಗ್ ಎಲ್ಲಾ ನೋಡುತ್ತೆ ಅಂದವರನ್ನ ಸ್ವಲ್ಪ ಅನುಮಾನದಿಂದ ನೋಡಿ.

ಇವೆಲ್ಲ ನಿಧಾನ ಹೋಗಬೇಕು. ಸೆಕೆಂಡಿಗೆ 1 ಮೀಟರ್ ಅಂದ್ರೆ 100 ಕಿಲೋಮೀಟರಿಗೆ ಸುಮಾರು 28 ಗಂಟೆ, ಅಷ್ಟೊತ್ತು ಬ್ಯಾಟರಿ ಇರಬೇಕು, ಕಂಟ್ರೋಲ್ ರೂಮು ಹರಿವನ್ನ ಸಮವಾಗಿ ಹಿಡೀಬೇಕು. ಗೋಡೆ ಕೊಳಕಿದ್ರೆ ಸೆನ್ಸರ್ ಗೋಡೆಯಿಂದ ಎದ್ದು ನಿಲ್ಲುತ್ತೆ, ಆ ಜಾಗದ ಡೇಟಾ ಕಸ. ಹಾಗಾಗಿ ಕ್ಲೀನಿಂಗ್ ಸರಿಯಾಗಿ ಮಾಡದೆ ಸ್ಮಾರ್ಟ್ ಪಿಗ್ ತರಿಸೋದು ಅಂದ್ರೆ ಧೂಳು ಹಿಡಿದ ಕನ್ನಡಕ ಹಾಕ್ಕೊಂಡು ಕಣ್ಣಿನ ಪರೀಕ್ಷೆಗೆ ಕೂತ ಹಾಗೆ. ಎಂಎಫ್ಎಲ್ ಪಿಗ್ ಹತ್ತಿರ ಪೇಸ್‌ಮೇಕರ್ ಹಾಕಿಸ್ಕೊಂಡವರು ಸುಳೀಬಾರ್ದು. ಮತ್ತೆ ಅದು ಹೋದ ಮೇಲೆ ಪೈಪಲ್ಲಿ ಸ್ವಲ್ಪ ಕಾಂತಶಕ್ತಿ ಉಳಿಯುತ್ತೆ, ಮುಂದೆ ವೆಲ್ಡಿಂಗ್ ಮಾಡುವಾಗ ಆರ್ಕ್ ಅತ್ತಿತ್ತ ಎಳೆದಾಡಿದ್ರೆ ವೆಲ್ಡರನ್ನ ಬೈಬೇಡಿ.

ಪ್ರಶ್ನೆ: ರಿಪೋರ್ಟ್ ಬಂತು, ಸಾವಿರಾರು ದೋಷ ಪಟ್ಟಿ ಮಾಡಿದ್ದಾರೆ. ನೋಡಿ ಎದೆ ಒಡೀತು. ಲೈನ್ ಬದಲಾಯಿಸಬೇಕಾ?

ಗಾಬರಿ ಬೇಡ. ಪಟ್ಟಿ ಉದ್ದ ಇದ್ರೆ ಪಿಗ್ ಚೆನ್ನಾಗಿ ನೋಡಿದೆ ಅಂತಾನೂ ಅರ್ಥ. ಗೋಡೆಯ ಶೇಕಡಾ 10ರಷ್ಟು ಹೋದದ್ದನ್ನೂ ಬರೀತಾರೆ, ಅದರಲ್ಲಿ ಬಹಳಷ್ಟು ನಾಳೆ ನಾಡಿದ್ದು ಏನೂ ಮಾಡಲ್ಲ. ಆಳ, ಉದ್ದ, ಅಗಲ ಮೂರೂ ಸೇರಿಸಿ ಆ ಜಾಗ ಎಷ್ಟು ಒತ್ತಡ ತಡೀಬಹುದು ಅಂತ ಲೆಕ್ಕ ಹಾಕಿ ಆದ್ಯತೆ ಹಾಕ್ತಾರೆ. ಗಡಿಯಾರದ ಲೆಕ್ಕ ಗಮನಿಸಿ, ರಿಪೋರ್ಟಲ್ಲಿ 6 ಗಂಟೆ ಅಂದ್ರೆ ಪೈಪಿನ ತಳ, 12 ಅಂದ್ರೆ ನೆತ್ತಿ. ಒಳದೋಷಗಳೆಲ್ಲ 6ರ ಸುತ್ತ ಗುಂಪಾಗಿದ್ರೆ ಒಳಗೆ ನೀರು ನಿಂತಿದೆ ಅಂತ ಊಹಿಸಬಹುದು.

ಅಗೀದೆ ನಂಬಬೇಡಿ ಅನ್ನೋದೊಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಎಂಎಫ್ಎಲ್ ಆಳದ ಅಂದಾಜಲ್ಲಿ ಗೋಡೆ ದಪ್ಪದ ಶೇಕಡಾ 10ರಷ್ಟು ಆಚೀಚೆ ಆಗೋದು ಸಾಮಾನ್ಯ, ಅದೂ ಹತ್ತರಲ್ಲಿ ಎಂಟು ಸಲ ಮಾತ್ರ ಆ ಮಿತಿಯೊಳಗೆ. ಅಂದ್ರೆ 40 ಅಂತ ಬರೆದಿದ್ದು 50 ಇರಬಹುದು. ಕೆಲವು ಜಾಗ ಅಗೆದು, ಕೋಟಿಂಗ್ ತೆಗೆದು, ಕೈಯಲ್ಲಿ ಅಳೆದು ರಿಪೋರ್ಟ್ ಜೊತೆ ಹೋಲಿಸಿ ನೋಡಿ. ಹಿಂದಿನ ಸಲದ ರಿಪೋರ್ಟ್ ಇದ್ರೆ ಪಕ್ಕದಲ್ಲಿಟ್ಕೊಳ್ಳಿ, ದೋಷ ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಬೇಗ ಬೆಳೀತಿದೆ ಅನ್ನೋದು ಮುಖ್ಯ.

ಪ್ರಶ್ನೆ: ಬರಬೇಕಾದ ಹೊತ್ತಿಗೆ ಪಿಗ್ ಬರ್ಲಿಲ್ಲ. ಶಿಫ್ಟ್ ಇಂಚಾರ್ಜ್ "ಪ್ರೆಶರ್ ಏರಿಸ್ರೋ" ಅಂದ್ರು, ಏರಿಸಿದ್ವಿ, ಕೊನೆಗೆ ಬಂತು. ಆದ್ರೆ ನಾವು ಮಾಡಿದ್ದು ಸರಿನಾ ಅಂತ ಮನಸ್ಸಲ್ಲಿ ಕೊರೀತಿದೆ.

ಕೊರೀಲಿ ಬಿಡಿ, ಒಳ್ಳೇದು. ಬಂದಿದ್ದು ನಿಮ್ಮ ಅದೃಷ್ಟ.

ಮೊದಲು ನೋಡಬೇಕಾದ್ದು ಪಿಗ್ ನಿಜವಾಗ್ಲೂ ಸಿಕ್ಕಿದೆಯಾ, ಇಲ್ಲಾ ಲೇಟಾ, ಇಲ್ಲಾ ಹೊರಟೇ ಇಲ್ವಾ. ಹರಿವಿನ ಲೆಕ್ಕ ಮತ್ತೆ ಹಾಕಿ, ಲಾಂಚರ್ ಕಡೆ ಫೋನ್ ಮಾಡಿ, ದಾರೀಲಿರೋ ಪ್ರತಿ ವಾಲ್ವೂ ಪೂರ್ತಿ ತೆರೆದಿದೆಯಾ ಅಂತ ಯಾರಾದ್ರೂ ಹೋಗಿ ಕಣ್ಣಲ್ಲಿ ನೋಡಲಿ, ಅರ್ಧ ತೆರೆದ ವಾಲ್ವಿಗೆ ಸಿಕ್ಕೋದು ತೀರಾ ಸಾಮಾನ್ಯ. ಆಮೇಲೆ ಒತ್ತಡ ಏನು ಹೇಳ್ತಿದೆ ನೋಡಿ. ಹಿಂದೆ ಏರ್ತಾ ಮುಂದೆ ಇಳೀತಾ ಇದ್ರೆ ಪಿಗ್ ದಾರಿ ಮುಚ್ಚಿ ಕೂತಿದೆ. ಒತ್ತಡ ಮಾಮೂಲಿ, ಹರಿವೂ ಮಾಮೂಲಿ, ಪಿಗ್ ಮಾತ್ರ ಇಲ್ಲ ಅಂದ್ರೆ ಕಪ್ ಹರಿದೋ ಮಗುಚಿಯೋ ಮಾಲು ಅದರ ಪಕ್ಕದಿಂದ ಹೋಗ್ತಿದೆ, ಅಥವಾ ಬಾಯಿಗೆ ಅಡ್ಡ ಪಟ್ಟಿ ಇಲ್ಲದ ಟೀ ಜಾಯಿಂಟಲ್ಲಿ, ಅಂದ್ರೆ ಪಕ್ಕಕ್ಕೆ ಕವಲೊಡೆಯೋ ಜಾಗದಲ್ಲಿ, ಮೂಗು ತೂರಿಸಿ ಕೂತಿದೆ. ಈ ಎರಡಕ್ಕೂ ಔಷಧಿ ಬೇರೆ ಬೇರೆ. ಎರಡನೇದಕ್ಕೆ ಒತ್ತಡ ಏರಿಸಿ ಪ್ರಯೋಜನಾನೇ ಇಲ್ಲ, ಹಿಂದಿನಿಂದ ಒಂದು ಫೋಮ್ ಪಿಗ್ ಕಳಿಸಿ ಅದನ್ನ ತಳ್ಳಿಸಬಹುದು, ಕೆಲವು ಸಲ ಒಂದರ ಜೊತೆ ಇನ್ನೊಂದೂ ಸಿಕ್ಕಿಕೊಂಡು ತಲೆನೋವು ಎರಡಾಗುತ್ತೆ, ಅದೂ ಗೊತ್ತಿರಲಿ.

ದಾರಿ ಮುಚ್ಚಿ ಕೂತಿದ್ರೆ ಲೈನಿನ ಮಿತಿಯೊಳಗೆ, ನಿಧಾನ, ಹಂತ ಹಂತವಾಗಿ ಏರಿಸಿ ಇಳಿಸಿ ನೋಡಬಹುದು. ಗ್ಯಾಸ್ ಲೈನಲ್ಲಿ ಇದು ಬಹಳ ಅಪಾಯ, ಯಾಕಂದ್ರೆ ಗ್ಯಾಸು ಸ್ಪ್ರಿಂಗ್ ಥರ ಒತ್ತಿಕೊಳ್ತಾ ಹೋಗಿ ಪಿಗ್ ಬಿಡಿಸ್ಕೊಂಡ ಕ್ಷಣ ಬಾಣದ ಹಾಗೆ ಹಾರುತ್ತೆ, ಮುಂದಿನ ತಿರುವಿಗೆ ಹೋಗಿ ಹೊಡೆದ್ರೆ ಪಿಗ್ ಪುಡಿ, ತಿರುವಿಗೂ ಪೆಟ್ಟು. ತಡೆ ಹೈಡ್ರೇಟ್ ಇದ್ರೆ, ಅಂದ್ರೆ ನೀರೂ ಗ್ಯಾಸೂ ಸೇರಿ ಮಂಜಿನ ಹಾಗೆ ಕಟ್ಟಿರೋ ಗಡ್ಡೆ, ಒಂದೇ ಕಡೆ ಒತ್ತಡ ಇಳಿಸಬಾರ್ದು, ಗಡ್ಡೇನೇ ಗುಂಡಾಗುತ್ತೆ. ಎರಡೂ ಕಡೆ ಸಮವಾಗಿ ಇಳಿಸಿ, ಮೆಥನಾಲ್ ಹಾಕಿ ಕರಗೋಕೆ ಟೈಮ್ ಕೊಡಬೇಕು. ಹಿಂದಕ್ಕೆ ತಳ್ಳಿ ತೆಗೀಬಹುದಾ? ಡಿಸ್ಕ್ ಮಾತ್ರ ಇರೋ ಬೈ-ಡೈ ಪಿಗ್ ಆದ್ರೆ ಆಗುತ್ತೆ, ಕಪ್ ಇರೋದಾದ್ರೆ ಹಿಂದಿನ ಒತ್ತಡಕ್ಕೆ ಕಪ್ ಮಡಚಿ ಹೋಗುತ್ತೆ. ಎಲ್ಲಾ ಸೋತ್ರೆ ಕೊನೇದು ಪೈಪ್ ಕತ್ತರಿಸೋದು, ಆ ಕಥೆ ಇನ್ನೊಂದು ಸಂಚಿಕೆಗೆ.

ಇದಕ್ಕೆಲ್ಲ ಅದು ಎಲ್ಲಿದೆ ಅಂತ ಗೊತ್ತಿರಬೇಕಲ್ಲ. ಮೊಬೈಲ್ ಸಿಗ್ನಲ್ ಥರದ್ದು ಉಕ್ಕು ದಾಟಿ ಬರಲ್ಲ, ಹಾಗಾಗಿ ಪಿಗ್ಗಿನ ಮೈಗೆ 22 ಹರ್ಟ್ಸ್ ಆಸುಪಾಸಿನ ತೀರಾ ಕಡಿಮೆ ಆವರ್ತನದ ಟ್ರಾನ್ಸ್‌ಮಿಟರ್ ಕಟ್ಟಿರ್ತಾರೆ, ಅದು ಉಕ್ಕೂ ಮಣ್ಣೂ ದಾಟಿ ಮೇಲೆ ಬರುತ್ತೆ, ಆ ಸಿಗ್ನಲ್ ಹಿಡಿಯೋ ಸಾಧನ ಹಿಡ್ಕೊಂಡು ಲೈನ್ ಉದ್ದಕ್ಕೂ ನಡೀತಾ ಹುಡುಕಬಹುದು. ಟ್ರಾನ್ಸ್‌ಮಿಟರ್ ಕಟ್ಟದೆ ಮೊದಲ ಪಿಗ್ ಬಿಡೋರಿಗೆ ಮಾತ್ರ ನಾನು ಏನೂ ಹೇಳಲ್ಲ, ಅವರೇ ಅನುಭವಿಸ್ತಾರೆ. ಹೊರಡೋ ಮೊದಲು ಬ್ಯಾಟರಿ ಹೊಸದಾ ನೋಡಿ.

ಪ್ರಶ್ನೆ: ನಮ್ದು ಕುಡಿಯೋ ನೀರಿನ ಹಳೇ ಪೈಪು. ಲಾಂಚರ್ ಇಲ್ಲ, ನಡುವೆ ಬಟರ್‌ಫ್ಲೈ ವಾಲ್ವ್ ಇದೆ, ಸೈಜು ಬೇರೆ ಅಲ್ಲಲ್ಲಿ ಬದಲಾಗುತ್ತೆ. ಪಿಗ್ ಸಾಧ್ಯವೇ ಇಲ್ವಾ?

ಬಟರ್‌ಫ್ಲೈ ವಾಲ್ವಿನ ತಟ್ಟೆ ತೆರೆದಾಗಲೂ ದಾರಿ ಮಧ್ಯದಲ್ಲೇ ನಿಂತಿರುತ್ತೆ, ಗಟ್ಟಿ ಪಿಗ್ ಹೋಗಲ್ಲ. ನಿಮಗೆ ಐಸ್ ಪಿಗ್ಗಿಂಗ್ ನೋಡಿ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಉಪಾಯ ಇದು. ಉಪ್ಪು ಬೆರೆಸಿದ ನೀರನ್ನ ಅರ್ಧಂಬರ್ಧ ಹೆಪ್ಪುಗಟ್ಟಿಸಿ ಕೆಸರಿನ ಹಾಗೆ ಮಾಡಿ ಪೈಪಿಗೆ ಪಂಪ್ ಮಾಡ್ತಾರೆ, ಹಿಂದಿನಿಂದ ಮಾಮೂಲಿ ನೀರಿನ ಒತ್ತಡ. ಅದು ದಾರಿ ಹೇಗಿದೆಯೋ ಹಾಗೆ ಬಳುಕಿ ವಾಲ್ವ್ ಸುತ್ತಿ, ತಿರುವು ದಾಟಿ, ಕೂತ ಕೆಸರು ಉಜ್ಜಿಕೊಂಡು ಹೋಗುತ್ತೆ, ಹೈಡ್ರೆಂಟ್, ಅಂದ್ರೆ ಬೆಂಕಿ ಆರಿಸೋಕೆ ನೀರು ತೆಗೆಯೋ ನಲ್ಲಿ, ಅದರ ಬಾಯಿಂದಲೇ ಹಾಕಿ ಇನ್ನೊಂದು ಹೈಡ್ರೆಂಟಿಂದ ತೆಗೀಬಹುದು. ಇದರ ಚಂದ ಏನು ಅಂದ್ರೆ ಸಿಕ್ಕಿಕೊಂಡ್ರೆ ಯಾರೂ ಏನೂ ಮಾಡಬೇಕಾಗಿಲ್ಲ, ಕಾದ್ರೆ ಕರಗಿ ಹೋಗುತ್ತೆ. ಕಲ್ಲಿನ ಹಾಗೆ ಗಟ್ಟಿಯಾಗಿರೋ ತುಕ್ಕಿನ ಗಂಟು ಮಾತ್ರ ಇದಕ್ಕೆ ಜಗ್ಗಲ್ಲ.

ಪ್ರಶ್ನೆ: ಪೇಂಟ್ ಫ್ಯಾಕ್ಟರೀಲೂ ಪಿಗ್ ಇದೆ ಅಂತ ಕೇಳಿದೆ, ಹೌದಾ?

ಹೌದು. ಪೇಂಟು, ಶಾಂಪೂ, ಲೂಬ್ರಿಕೆಂಟು, ಇಂಥಾ ಕಡೆ ತುಕ್ಕಿನ ಮಾತಿಲ್ಲ, ಪೈಪಲ್ಲಿ ಉಳಿದ ಮಾಲನ್ನ ತೊಳೆದು ಚರಂಡಿಗೆ ಬಿಡೋ ಬದಲು ಸಣ್ಣ ರಬ್ಬರ್ ಪಿಗ್ ಬಿಟ್ಟು ಡಬ್ಬಕ್ಕೆ ತಳ್ಳೋದು. ಒಳಗೆ ಒಂದು ಆಯಸ್ಕಾಂತ ಇಟ್ಟಿರ್ತಾರೆ, ಎಲ್ಲಿ ಬಂತು ಅಂತ ಹೊರಗಿನ ಸೆನ್ಸರಿಗೆ ಗೊತ್ತಾಗಲಿ ಅಂತ.

ಪ್ರಶ್ನೆ: ಒಂದು ಪಿಗ್ ಎಷ್ಟು ಸಲ ಓಡಿಸಬಹುದು?

ಫೋಮಿನದು ಒಂದು ಸಲ, ತೀರಾ ಚೆನ್ನಾಗಿದ್ರೆ ಎರಡು. ಲೋಹದ ಮೈಯದು ವರ್ಷಗಟ್ಟಲೆ ಬರುತ್ತೆ, ಕಪ್, ಡಿಸ್ಕ್ ಬದಲಾಯಿಸ್ತಾ ಇದ್ರಾಯ್ತು. ಕಳಿಸೋ ಮೊದಲು ಕಪ್ಪಿನ ವ್ಯಾಸ ಅಳೆದು ಬರೆದಿಡಿ, ಬಂದ ಮೇಲೆ ಮತ್ತೆ ಅಳೀರಿ. ಸುತ್ತಲೂ ಸಮವಾಗಿ ಸವೆದಿದ್ರೆ ಸರಿ, ಒಂದೇ ಪಕ್ಕ ಸವೆದಿದ್ರೆ ಪಿಗ್ ಮೂಗು ಕೆಳಗೆ ಮಾಡ್ಕೊಂಡು ಹೋಗಿದೆ, ತೂಕ ಜಾಸ್ತಿ ಆಯ್ತು ಅಂತ. ಒಂದೇ ಕಡೆ ಆಳವಾಗಿ ಸೀಳಿದ್ರೆ ದಾರೀಲಿ ಏನೋ ಚೂಪಾಗಿ ಚಾಚಿಕೊಂಡಿದೆ. ಹಳೇ ಕಪ್ ಬಿಸಾಡೋ ಮೊದಲು ಒಂದು ಫೋಟೊ ತೆಗೆದಿಡಿ, ಮುಂದಿನ ಸಲದ ಕಪ್ಪಲ್ಲೂ ಅದೇ ಥರ ಸೀಳು ಬಂದಿದೆಯಾ ಅಂತ ನೋಡೋಕೆ ಬೇಕಾಗುತ್ತೆ.